ಶ್ರೀಖಂಡದ ಅರಿವಿ, ನೈಲಾನ್ ಚೀಲ, ಸ್ಟೀಲ್ ಜಾಳಿ: ಹಾಪ್ಸ್ ಸೋಸಲು ಯಾವುದು ವಾಸಿ?

ಈ ಯುಗಾದಿಗೆ ನಮ್ಮ ಮನೆಯ ಶ್ರೀಖಂಡ ಕಹಿಯಾಗಿತ್ತು. ಬೇವು ತಿನ್ನುವ ಹಬ್ಬವೇ ಹೌದು, ಆದರೆ ಶ್ರೀಖಂಡದಲ್ಲಿ ಅಲ್ಲವಲ್ಲ. ಅವ್ವ ಒಂದು ಚಮಚ ಬಾಯಿಗಿಟ್ಟವಳೇ ನನ್ನ ಕಡೆ ತಿರುಗಿದಳು. "ಚಕ್ಕಾ ಕಟ್ಟೋ ಅರಿವ್ಯಾಗ ಏನ್ ಸೋಸಿದ್ದೀ, ಖರೇ ಹೇಳು." ಹೇಳಿದೆ. ಹಾಪ್ಸ್ ಸೋಸಿದ್ದೆ.

ಹಾಪ್ಸ್ ಅಂದರೆ ಬಿಯರಿಗೆ ಕಹಿ ಮತ್ತು ಘಮ ಕೊಡುವ ಹೂವು. ಬಳ್ಳಿಯಲ್ಲಿ ಬಿಡುತ್ತದೆ. ನಮ್ಮ ದೇಶದಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಬೆಳೆಯುತ್ತಾರೆ. ನಾನು ತರಿಸುವುದು ಅಮೆರಿಕದ ಕ್ಯಾಸ್ಕೇಡ್ ತಳಿ. 1972ರಲ್ಲಿ ಬಿಡುಗಡೆಯಾದ ಹಳೇ ತಳಿ, ಚಕ್ಕೋತದ ಸಿಪ್ಪೆಯ ವಾಸನೆ. ಹೂವನ್ನು ಪುಡಿ ಮಾಡಿ, ಒತ್ತಿ, ಗುಳಿಗೆ ಮಾಡಿರುತ್ತಾರೆ. ಮೊದಲ ಸಲ ಪಾಕೀಟು ಒಡೆದಾಗ ಅವ್ವ ಅದನ್ನು ಎಮ್ಮೆಯ ಹಿಂಡಿ ಅಂತಲೇ ತಿಳಿದಿದ್ದಳು. ನೋಡಲು ಹಾಗೇ ಇದೆ.

ನಾನು ಬಿಯರ್ ಮಾಡುವುದಿಲ್ಲ. ಕರ್ನಾಟಕ ಅಬಕಾರಿ ಕಾಯ್ದೆ 1965ರ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವ ಹಾಗಿಲ್ಲ. ಬೆಳಗಾವಿಯ ಟಿಳಕವಾಡಿಯ ಬಾಡಿಗೆ ಮನೆಯಲ್ಲಿ ಆ ತಲೆನೋವು ಯಾರಿಗೆ ಬೇಕು? ನನ್ನದು ಹಾಪ್ಸ್ ನೀರು. ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಇಲ್ಲ, ಯೀಸ್ಟ್ ಇಲ್ಲ, ಅಮಲೂ ಇಲ್ಲ. 4 ಲೀಟರ್ ನೀರು ಕುದಿಸಿ ಒಲೆ ಆರಿಸುತ್ತೇನೆ. 80 ಡಿಗ್ರಿಗೆ ಇಳಿದ ಮೇಲೆ ಎರಡು ನಿಂಬೆಹಣ್ಣು ಹಿಂಡಿ, 12 ಗ್ರಾಂ ಹಾಪ್ಸ್ ಹಾಕಿ, 20 ನಿಮಿಷ ಬಿಟ್ಟು ತೆಗೆಯುತ್ತೇನೆ. ಪಾತ್ರೆಯನ್ನು ತಣ್ಣೀರಿನ ಟಬ್ಬಿನಲ್ಲಿಟ್ಟು ಆರಿಸಿ, ರಾತ್ರಿಯಿಡೀ ಫ್ರಿಜ್ಜಿನಲ್ಲಿ. ಮರುದಿನ ಅರ್ಧ ಗ್ಲಾಸಿಗೆ ಅರ್ಧ ಗ್ಲಾಸ್ ತಣ್ಣನೆಯ ಸೋಡಾ.

ಒಲೆ ಆರಿಸುವುದಕ್ಕೂ ಒಂದು ಕಾರಣ ಇದೆ. ಬಿಯರ್ ಮಾಡುವವರು ಹಾಪ್ಸನ್ನು ಒಂದು ತಾಸು ಕುದಿಸುತ್ತಾರೆ. ಅದರಲ್ಲಿರುವ ಆಲ್ಫಾ ಆಮ್ಲ ಕುದಿಯುತ್ತಾ ಕಹಿಯಾಗಿ ಬದಲಾಗುತ್ತದೆ, ಮಾಲ್ಟಿನ ಸಿಹಿ ಆ ಕಹಿಯನ್ನು ತೂಗಿಸುತ್ತದೆ. ನನ್ನ ನೀರಿನಲ್ಲಿ ಸಿಹಿಯೇ ಇಲ್ಲ. ಮೊದಲ ಸಲ ಗೊತ್ತಿಲ್ಲದೆ ಒಂದು ತಾಸು ಕುದಿಸಿದ್ದೆ. ಹಾಗಲಕಾಯಿ ಎಷ್ಟೋ ಪಾಲು ಮೇಲು ಅನ್ನಿಸಿತು.

ಇನ್ನು ಸೋಸುವ ಗೋಳು. ಇದು ಬಿಯರ್ ಮಾಡುವವರಿಗೂ ನನಗೂ ಒಂದೇ. ಗುಳಿಗೆ ಬಿಸಿ ನೀರಿಗೆ ಬಿದ್ದರೆ ಒಂದೆರಡು ನಿಮಿಷದಲ್ಲಿ ಬಿರಿದು, ಉಬ್ಬಿ, ಕಲಸಿದ ಗೋರಂಟಿಯ ಹಾಗೆ ಆಗುತ್ತದೆ. ಅದನ್ನು ಹಾಗೇ ಬಿಟ್ಟರೆ ನೀರಿಗೆ ಹುಲ್ಲಿನ ವಾಸನೆ, ನಾಲಿಗೆಗೆ ಒಗರು. ಚೂರುಗಳು ಗ್ಲಾಸಿಗೆ ಬಂದರೆ ಸೋಡಾ ಹಾಕಿದ ಕೂಡಲೇ ನೊರೆ ಉಕ್ಕುತ್ತದೆ, ಗ್ಯಾಸು ಆ ಚೂರುಗಳನ್ನೇ ಹಿಡಿದು ಗುಳ್ಳೆಯಾಗಿ ಮೇಲೇಳುವುದರಿಂದ. ನಾನು ಎರಡು ಬಾರಿ ಟೇಬಲ್ ಒರೆಸಿದ್ದೇನೆ.

ಚಹಾ ಸೋಸುವ ಜರಡಿಯ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ಪ್ಲಾಸ್ಟಿಕ್ಕಿನದು ಎಲ್ಲವನ್ನೂ ಕೆಳಗೆ ಬಿಡುತ್ತದೆ. ಸ್ಟೀಲಿನ ಸಣ್ಣ ಕಣ್ಣಿನದು ಒಂದು ಲೋಟಕ್ಕೇ ಕಟ್ಟಿಕೊಳ್ಳುತ್ತದೆ. ನಾಲ್ಕು ಲೀಟರ್ ಸೋಸುವಷ್ಟರಲ್ಲಿ ಹತ್ತು ಸಲ ತೊಳೆಯಬೇಕು.

ಅರಿವಿಯ ಕಥೆ ಬೇರೆ. ಅವ್ವನ ಮಲ್‌ಮಲ್ ಅರಿವಿ ಬಹಳ ವರ್ಷ ಮೊಸರು ಕಟ್ಟಿ ಮೆತ್ತಗಾಗಿದೆ. ನೀರು ತಿಳಿಯಾಗಿ ಬರುವುದರಲ್ಲಿ ಇದನ್ನು ಮೀರಿಸುವುದು ಯಾವುದೂ ಇಲ್ಲ, ಹಳದಿ ಗಾಜಿನ ಹಾಗೆ ಬರುತ್ತದೆ. ತೊಂದರೆ ಎರಡು. ಒಂದು, ಕೈ ಸುಮ್ನೆ ಇರುವುದಿಲ್ಲ. ಚಕ್ಕಾ ಹಿಂಡಿದ ಅಭ್ಯಾಸ ನೋಡಿ, ಗಂಟು ಕಟ್ಟಿದ ಕೂಡಲೇ ಹಿಂಡಬೇಕು ಅನ್ನಿಸುತ್ತದೆ. ಹಿಂಡಿದರೆ ಕಾಲು ಲೀಟರ್ ಜಾಸ್ತಿ ಸಿಗುತ್ತದೆ, ಜೊತೆಗೆ ಒಗರೂ ಮಬ್ಬೂ ಬರುತ್ತವೆ. ಎರಡನೆಯದು ಶ್ರೀಖಂಡ. ಹಾಪ್ಸಿನ ಹಳದಿ ಪುಡಿಯಲ್ಲಿ ರಾಳದ ಥರದ ಅಂಟು ಇರುತ್ತದೆ. ಹತ್ತಿ ಅದನ್ನು ಕುಡಿದುಬಿಡುತ್ತದೆ. ಸೋಪು ಹಾಕಿ ಒಗೆದು, ಬಿಸಿಲಿಗೆ ಹಾಕಿ, ಮೂಸಿ ನೋಡಿದ್ದೆ. ಏನೂ ಇರಲಿಲ್ಲ. ಮೊಸರಿನ ಕೊಬ್ಬು ತಾಗಿದ ಮೇಲೆ ಎಲ್ಲ ಹೊರಗೆ ಬಂತು! ಅವತ್ತಿನಿಂದ ಆ ಅರಿವಿ ನನ್ನ ಪಾಲಿಗೆ ಬಂದಿದೆ. ಅವ್ವ ಹೊಸದು ತಂದು ಮೂಲೆಗೆ ಕೆಂಪು ದಾರ ಹೊಲಿದಿದ್ದಾಳೆ.

ನೈಲಾನ್ ಚೀಲ ಆನ್‌ಲೈನಿನಲ್ಲಿ ಸಿಗುತ್ತದೆ. ಆಹಾರಕ್ಕೆ ಬಳಸುವಂಥದ್ದು, ಬಾಯಿಗೆ ಎಳೆದು ಕಟ್ಟುವ ದಾರ. ಮೊದಲು ತರಿಸಿದ್ದು ಅಂಗೈ ಅಗಲದ್ದು. 12 ಗ್ರಾಂ ಗುಳಿಗೆ ಸರಿಯಾಗಿ ಹಿಡಿಸಿತು, ನಾನೂ ಖುಷಿಯಿಂದ ಬಿಗಿಯಾಗಿ ಕಟ್ಟಿದೆ. ನೀರಿಗೆ ಬಣ್ಣವೂ ಬರಲಿಲ್ಲ, ಘಮವೂ ಬರಲಿಲ್ಲ. 20 ನಿಮಿಷ ಆದ ಮೇಲೆ ಚೀಲ ಬಿಚ್ಚಿ ಉಂಡೆಯನ್ನು ಬೆರಳಿನಿಂದ ಒಡೆದೆ. ಹೊರಗೆ ಹಸಿರು ಕೆಸರು, ನಡುವೆ ನಾಲ್ಕು ಗುಳಿಗೆ ಒಣಗಿದ ಹಾಗೇ ಕೂತಿದ್ದವು. ಒಳಗೆ ಹಿಟ್ಟು ಉಳಿದ ಕಡುಬಿನ ಹಾಗೆ. ತಪ್ಪು ಚೀಲದ್ದಲ್ಲ, ನನ್ನದು. ಉಬ್ಬುವ ವಸ್ತುವಿಗೆ ಜಾಗ ಕೊಟ್ಟಿರಲಿಲ್ಲ.

ಆಮೇಲೆ ತರಿಸಿದ್ದು ದಿಂಬಿನ ಕವರಿನಷ್ಟು ದೊಡ್ಡದು. ಈಗ ಅದರ ಬಾಯಿಯನ್ನು ಪಾತ್ರೆಯ ಅಂಚಿಗೆ ಮಡಚಿ, ಬಟ್ಟೆ ಕ್ಲಿಪ್ಪು ಹಾಕುತ್ತೇನೆ. ಒಳಗೆ ಸೌಟು ಆಡುತ್ತದೆ, ಗುಳಿಗೆ ಹರಡಿಕೊಳ್ಳುತ್ತದೆ. ತೆಗೆಯುವಾಗ ಎತ್ತಿ, ಎರಡು ನಿಮಿಷ ತೊಟ್ಟಿಕ್ಕಲು ಬಿಡುವುದು, ಅಷ್ಟೇ. ಒಳಹೊರಗೆ ಮಾಡಿ ನಲ್ಲಿಯ ಕೆಳಗೆ ಹಿಡಿದರೆ ಕೆಸರೆಲ್ಲ ಹೋಗುತ್ತದೆ. ಹಗ್ಗದ ಮೇಲೆ ಅರ್ಧ ತಾಸಿನಲ್ಲಿ ಒಣಗುತ್ತದೆ. ವಾಸನೆ ಹತ್ತಿಯಷ್ಟು ಹಿಡಿಯುವುದಿಲ್ಲ. ಬೆಂಕಿ ಹತ್ತಿರ ಮಾತ್ರ ಹುಷಾರು. ಒಮ್ಮೆ ಒಲೆ ಆರಿಸುವ ಮೊದಲೇ ಚೀಲ ಇಳಿಬಿಟ್ಟೆ, ತಳಕ್ಕೆ ತಾಗಿದ ಮೂಲೆ ಕರಗಿ ಗಟ್ಟಿಯಾಯಿತು. ಕುದಿಯುವಾಗಲೇ ಚೀಲ ಬೇಕು ಅನ್ನುವವರು ತಳದಲ್ಲಿ ಒಂದು ಸ್ಟೀಲ್ ತಾಟು ಬೋರಲು ಹಾಕಿಕೊಳ್ಳಿ.

ಸ್ಟೀಲ್ ಜಾಳಿಯ ಕೊಳವೆಗೆ ನಾನು ಜಾಸ್ತಿ ಆಸೆಪಟ್ಟಿದ್ದೆ. ಬೆಳಗಾವಿಯಲ್ಲಿದ್ದು ಅದನ್ನು ಹೊರಗಿಂದ ತರಿಸುವುದೇ? ಉದ್ಯಮಬಾಗದಲ್ಲಿ ಲೇಥು, ವೆಲ್ಡಿಂಗು, ಫೌಂಡ್ರಿ ಏನಿಲ್ಲ ಹೇಳಿ. ಒಬ್ಬ ಮಾಮಾನ ಸಣ್ಣ ವರ್ಕ್‌ಶಾಪಿಗೆ ಹೋಗಿ ಚಿತ್ರ ತೋರಿಸಿದೆ. ಮೂರೂವರೆ ಇಂಚು ಅಗಲ, ಹತ್ತು ಇಂಚು ಉದ್ದ, 304 ಸ್ಟೀಲು, ಪಾತ್ರೆಯ ಅಂಚಿಗೆ ಸಿಕ್ಕಿಸಲು ಎರಡು ಕಿವಿ. "ಇಷ್ಟ್ ದೊಡ್ಡದ್ರಾಗ ಯಾರ ಮದಿವಿ ಚಾ ಸೋಸ್ತೀರಿ?" ಅಂದರು. ಜಾಳಿ ಎಷ್ಟರದ್ದು ಅಂತ ಕೇಳಿದಾಗ ನಾನು ದೊಡ್ಡ ತಿಳಿದವನ ಹಾಗೆ 100 ಮೆಶ್ ಅಂದೆ. ಅಂದರೆ ಒಂದಿಂಚಿನಲ್ಲಿ ನೂರು ಕಣ್ಣು, ಒಂದೊಂದು ಕಣ್ಣು ಸುಮಾರು 150 ಮೈಕ್ರಾನ್ (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್). ಸಣ್ಣ ಕಣ್ಣಾದಷ್ಟೂ ಒಳ್ಳೆಯದು ಅಂತ ನನ್ನ ಲೆಕ್ಕ.

ಮೊದಲ ದಿನವೇ ಲೆಕ್ಕ ತಪ್ಪಿತು. ಹಾಪ್ಸ್ ಹಾಕಿ ಐದು ನಿಮಿಷಕ್ಕೆ ಕಣ್ಣೆಲ್ಲ ಕಟ್ಟಿಕೊಂಡವು. ಕೊಳವೆಯ ಒಳಗಿನ ನೀರು ಗಾಢ ಹಸಿರು, ಹೊರಗಿನದು ಬರೀ ನೀರು. ಎತ್ತಿದರೆ ಬಾವಿಯಿಂದ ಕೊಡ ಎತ್ತಿದ ಹಾಗೆ ನೀರು ತುಂಬಿಕೊಂಡೇ ಬಂತು, ಇಳಿಯಲೇ ಇಲ್ಲ. ಮತ್ತೆ ಮಾಮಾನ ಹತ್ತಿರ ಹೋಗಿ ಜಾಳಿ ಬದಲಿಸಿ 50 ಮೆಶ್ ಹಾಕಿಸಿದೆ, ಸುಮಾರು 300 ಮೈಕ್ರಾನ್. ಈಗ ನೀರು ಆಡುತ್ತದೆ. ಸ್ವಲ್ಪ ಧೂಳು ಹೊರಗೆ ಬರುತ್ತದೆ, ನಿಜ. ಅದು ರಾತ್ರಿ ಫ್ರಿಜ್ಜಿನಲ್ಲಿ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಮೆಲ್ಲಗೆ ಬಗ್ಗಿಸಿಕೊಂಡರೆ ಮುಗಿಯಿತು. ಆದರೂ ಆಗಾಗ ಕೊಳವೆಯನ್ನು ಮೇಲೆ ಕೆಳಗೆ ಆಡಿಸುತ್ತಿರಬೇಕು. ತೊಳೆಯಲು ಬಿಸಿ ನೀರಿಗೆ ವಾಷಿಂಗ್ ಸೋಡಾ, ಆಮೇಲೆ ಹೊರಗಿನಿಂದ ಒಳಕ್ಕೆ ಬ್ರಶ್ಶು. ಬೆಸುಗೆಯ ಸಂದಿನಲ್ಲಿ ಹಸಿರು ಉಳಿದೇ ಉಳಿಯುತ್ತದೆ.

ಈ ಮೂರನ್ನೂ ಒಂದೇ ಪಾಕೀಟಿನ ಹಾಪ್ಸಿನಲ್ಲಿ, ಅದೇ ಅಳತೆಯಲ್ಲಿ, ಒಂದೇ ವಾರದಲ್ಲಿ ಮಾಡಿ ಗ್ಲಾಸಿನಲ್ಲಿಟ್ಟು ಕುಡಿದೆವು. ಘಮದಲ್ಲಿ ದೊಡ್ಡ ನೈಲಾನ್ ಚೀಲ ಮುಂದು. 50 ಮೆಶ್ಶಿನ ಕೊಳವೆ ಕೂದಲೆಳೆಯಷ್ಟು ಹಿಂದೆ. ಅರಿವಿಯದು ನೋಡಲು ಚೆಂದ, ಮೂಗಿಗೆ ಸಪ್ಪೆ. ವೈನಿ ಮಾತ್ರ ಅರಿವಿಯದನ್ನೇ ಆರಿಸಿದರು. ಕಹಿ ಕಡಿಮೆ ಇತ್ತಂತೆ.

ಹಾಗಾಗಿ 4 ಲೀಟರಿಗೆ ನನ್ನ ಮತ ಚೀಲಕ್ಕೆ. ಕೊಳವೆಗೆ 650 ರೂಪಾಯಿ ಹಾಕಿದ್ದು ದಂಡ ಅನ್ನಲಾರೆ. ಬೇಸಿಗೆಯಲ್ಲಿ ಗೆಳೆಯರು ಸೇರಿದಾಗ 15 ಲೀಟರಿನ ಪಾತ್ರೆಗೆ ಅದನ್ನೇ ಇಳಿಸುತ್ತೇನೆ. ಅಷ್ಟು ನೀರಿನಲ್ಲಿ ಚೀಲ ಎತ್ತಿ ಹಿಡಿಯುವುದಕ್ಕೆ ಕೈ ಸೋಲುತ್ತದೆ.

ಒಂದು ಮಾತು ಬಿಟ್ಟಿದ್ದೆ. ಸೋಸಿ ಉಳಿದ ಹಾಪ್ಸನ್ನು ಗಲ್ಲಿಯಲ್ಲಿ ಚೆಲ್ಲಬೇಡಿ. ನಾಯಿ ತಿಂದರೆ ಮೈ ವಿಪರೀತ ಕಾದು ಸತ್ತೇ ಹೋಗಬಹುದು. ನಮ್ಮ ಬಾಗಿಲಲ್ಲಿ ಎರಡು ನಾಯಿ ಮಲಗುತ್ತವೆ. ನಾನು ಕುಂಡದ ಮಣ್ಣಿನಲ್ಲಿ ಒಂದು ಗೇಣು ಆಳ ಹೂತು, ಮೇಲೆ ಕಲ್ಲು ಹೇರುತ್ತೇನೆ.