ಚೈನ್ ಕಿಟ್ ಹಾಕಿಸೋರು ಹಲ್ಲು ಎಣಿಸ್ಕೊಳ್ಳಿ, ನಂಗೆ ಹೀಗಾಯ್ತು

ಹಳೇ ಬೈಕ್ ಇಟ್ಕೊಂಡಿರೋರು ದಯವಿಟ್ಟು ಓದಿ. ನಂದು ನೂರು ಸೀಸಿ ಗಾಡಿ, ಚೈನ್ ಸವೆದಿತ್ತು (ಚೈನ್ ಕಿಟ್ ಅಂದ್ರೆ ಚೈನು, ಜೊತೆಗೆ ಅದು ಕೂರೋ ಎರಡು ಹಲ್ಲಿನ ಚಕ್ರ, ಅಂದ್ರೆ ಸ್ಪ್ರಾಕೆಟ್: ಮುಂದಿಂದು ಇಂಜಿನ್ ಹತ್ರ, ಹಿಂದಿಂದು ಹಿಂದಿನ ಚಕ್ರಕ್ಕೆ), ದಾವಣಗೆರೆಲಿ ಒಂದು ಅಂಗಡಿಗೆ ಹೋಗಿ ಬಿಡಿಸಿ ಹೇಳ್ದೆ, ಅಣ್ಣಾ ನಮ್ದು ಚಿತ್ರದುರ್ಗ, ಜೋಗಿಮಟ್ಟಿ ಬೆಟ್ಟದ ಏರು ಇಬ್ರು ಕೂತ್ರೆ ಕಷ್ಟಪಟ್ಟು ಹತ್ತುತ್ತೆ, ಎಳೆಯೋ ಹಂಗೆ ಸ್ಪ್ರಾಕೆಟ್ ಹಾಕು ಅಂತ. "ಎಳೆಯೋ ಸೆಟ್ಟೇ ಹಾಕ್ತೀನಿ ಸಾರ್" ಅಂದ, 1450 ರೂಪಾಯಿ ಇಸ್ಕೊಂಡ, ಬಿಲ್ ಕೇಳಿದ್ರೆ ಆಮೇಲೆ ಕೊಡ್ತೀನಿ ಅಂದ.

ಭಾನುವಾರ ಹೆಂಡತಿ ಕೂರಿಸ್ಕೊಂಡು ಹೊರಟೆ. ಮೊದ್ಲು ಸೆಕೆಂಡ್ ಗೇರ್‌ನಲ್ಲಿ ಹೇಗೋ ಹತ್ತುತಿದ್ದ ತಿರುವಲ್ಲಿ ಗಾಡಿ ನಡುಗ್ತು, ಫಸ್ಟ್‌ಗೆ ಹಾಕೋಷ್ಟರಲ್ಲಿ ಆಫ್ ಆಯ್ತು, ಹಿಂದಕ್ಕೆ ಜಾರ್ತು. ಹಿಂದೆ ಕಾರಿನವ್ರು ಹಾರ್ನ್ ಮೇಲೆ ಹಾರ್ನ್. ಅವಳು ಇಳಿದು ನಡೆದ್ಲು ಕಣ್ರಿ, ಬಿಸಿಲಲ್ಲಿ, ಒಂದು ಮಾತೂ ಆಡ್ಲಿಲ್ಲ. ಅದು ನೆನಪಾದ್ರೆ ಈಗ್ಲೂ ಹೊಟ್ಟೆ ಉರಿಯುತ್ತೆ.

ಮನೆಗೆ ಬಂದು ಕವರ್ ಬಿಚ್ಚಿ ಒಂದು ಹಲ್ಲಿಗೆ ಚಾಕ್‌ಪೀಸ್ ಗುರುತು ಹಾಕಿ ಮುಂದಿನ ಸ್ಪ್ರಾಕೆಟ್ ಎಣಿಸ್ದೆ. 15. ಹಳೇದು 14 ಇತ್ತು, ಚೀಲದಲ್ಲೇ ಇತ್ತು, ಮತ್ತೆ ಎಣಿಸ್ದೆ. ಹಿಂದಿಂದು 42, ಅದು ಹಂಗೇ. ಅಂದ್ರೆ ಮೊದ್ಲು ಮುಂದಿನ ಸ್ಪ್ರಾಕೆಟ್ 3 ಸುತ್ತು ತಿರುಗಿದ್ರೆ ಹಿಂದಿನ ಚಕ್ರ ಒಂದು ಸುತ್ತು, ಈಗ 2.8 ಸುತ್ತಿಗೇ ಒಂದು, ಎಳೆತ ನೂರಕ್ಕೆ ಏಳರಷ್ಟು ಹೋಯ್ತು. ಏರಿಗೆ ಮುಂದಿಂದು ಚಿಕ್ಕದಾಗ್ಬೇಕು, ಇವನು ದೊಡ್ಡದು ಹಾಕವ್ನೆ!

ಹೋಗಿ ಕೇಳಿದ್ರೆ ಮುಖ ಕೂಡ ಎತ್ತದೆ "ದೊಡ್ಡದು ಹಾಕಿದ್ರೆ ತಾನೆ ಸಾರ್ ಪವರ್" ಅಂದ. ಹಳೇದನ್ನ ಪಕ್ಕಕ್ಕಿಟ್ಟು ತೋರಿಸ್ದೆ. ಆಗ "ನಿಮ್ ಇಂಜಿನ್ನೇ ವೀಕ್ ಐತೆ, ಕ್ಲಚ್ ಪ್ಲೇಟ್ ಹಾಕ್ಸಿ, 900 ಆಗುತ್ತೆ" ಅಂತಾನೆ. ಕೊನೆಗೆ "ಸ್ಟಾಕಲ್ಲಿ ಅದೇ ಇತ್ತು" ಅಂದ. ಸ್ಟಾಕಲ್ಲಿ ಅದೇ ಇತ್ತಂತೆ! ಅದನ್ನ ಅವತ್ತೇ ಹೇಳ್ಬೇಕಿತ್ತಲ್ವಾ? ದುಡ್ಡು ವಾಪಸ್ ಇಲ್ಲ, ಬಿಲ್ ಇಲ್ಲದ್ದಕ್ಕೆ ನಾನೂ ಏನೂ ಮಾಡೋಕಾಗ್ಲಿಲ್ಲ.

ಆಮೇಲೆ ದುರ್ಗದಲ್ಲೇ ಒಬ್ರು ಮೇಸ್ತ್ರಿ ಮುಂದೆ 13 ಹಾಕಿ ಚೈನ್ ಟೈಟ್ ಮಾಡಿಕೊಟ್ರು. ಈಗ ಏರಿಗೆ ಸೆಕೆಂಡ್ ಸಾಕು. ಹೈವೇಲಿ 60 ದಾಟಿದ್ರೆ ಇಂಜಿನ್ ಕೂಗುತ್ತೆ, ಪೆಟ್ರೋಲೂ ಸ್ವಲ್ಪ ಜಾಸ್ತಿ, ಅದನ್ನ ಮೇಸ್ತ್ರಿ ಮೊದ್ಲೇ ಹೇಳಿದ್ರು. ಬರೀ ಹೈವೇ ಓಡ್ಸೋರು ಬದಲಾಯಿಸ್ಲೇಬೇಡಿ.

ಹಾಕೋ ಮುಂಚೆ ಹಲ್ಲು ನೀವೇ ಎಣಿಸಿ, ಬಿಲ್ಲಲ್ಲಿ ನಂಬರ್ ಬರೆಸಿ, ಹಳೇ ಸ್ಪ್ರಾಕೆಟ್ ಅಂಗಡೀಲಿ ಬಿಟ್ಟು ಬರಬೇಡಿ. ನನ್ ಹತ್ರ ಆ ಹಳೇ 14 ಇಲ್ದಿದ್ರೆ ಇಂಜಿನ್ನೇ ವೀಕ್ ಅಂತ ನಂಬಿ ಇನ್ನೂ 900 ಕೊಟ್ಟು ಬರ್ತಿದ್ದೆ.