ಮೈಸೂರಿನ ರೈಲು ವಸ್ತುಸಂಗ್ರಹಾಲಯ: ನಿಂತ ಎಂಜಿನ್‌ಗಳ ಮುಂದೆ ಓಡುವ ಎಂಜಿನ್ನಿನ ಲೆಕ್ಕಾಚಾರ

ಮೈಸೂರು ರೈಲ್ವೆ ನಿಲ್ದಾಣದಿಂದ ನಡೆದೇ ಹೋಗಬಹುದಾದ ದೂರದಲ್ಲಿ, ಕೆಆರ್‌ಎಸ್ ರಸ್ತೆಯ ಮೇಲೆ ಸಿಎಫ್‌ಟಿಆರ್‌ಐ ಎದುರಿಗಿರುವ ರೈಲು ವಸ್ತುಸಂಗ್ರಹಾಲಯ 1979ರಲ್ಲಿ ಆರಂಭವಾಯಿತು. ದೆಹಲಿಯ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯದ ನಂತರ ದೇಶದಲ್ಲಿ ತೆರೆದ ಎರಡನೆಯ ರೈಲು ಸಂಗ್ರಹಾಲಯ ಇದು. ಊರಿನವರಲ್ಲಿ ಹೆಚ್ಚಿನವರು ಇದನ್ನು ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ, ಪುಟಾಣಿ ರೈಲಿನಲ್ಲಿ ಒಂದು ಸುತ್ತು ಹಾಕಿಸಿ, ಫೋಟೊ ತೆಗೆದುಕೊಂಡು ಬರುವ ಜಾಗವೆಂದೇ ಬಲ್ಲರು. ಆ ಮಟ್ಟಿಗೆ ಇದು ಕೊಟ್ಟ ಹಣಕ್ಕೆ ಮೋಸವಿಲ್ಲದ ಸ್ಥಳ. ಆದರೆ ಅಲ್ಲಿ ಉಗಿ ಎಂಜಿನ್ನಿನ ಮುಂದೆ ನಿಂತ ಪ್ರತಿಯೊಂದು ಮಗುವೂ ದೊಡ್ಡವರನ್ನು ಕೇಳುವ ಪ್ರಶ್ನೆ ಒಂದೇ: ಇದು ಮತ್ತೆ ಓಡುತ್ತದೆಯೇ? ದೊಡ್ಡವರು ಸಾಮಾನ್ಯವಾಗಿ ಇಲ್ಲ ಎಂದು ಹೇಳಿ ಮುಂದೆ ನಡೆಯುತ್ತಾರೆ. ಆ ಪ್ರಶ್ನೆಗೆ ಇನ್ನೂ ಸರಿಯಾದ ಉತ್ತರ ಕೊಡಲು ಸಾಧ್ಯವಿದೆ ಎಂಬ ನಂಬಿಕೆಯಿಂದ, ಸಂಗ್ರಹಾಲಯವನ್ನು ಅದೇ ದೃಷ್ಟಿಯಲ್ಲಿ ನೋಡಿ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಮೊದಲು ಅಲ್ಲಿ ಇರುವುದನ್ನು ಹೇಳುತ್ತೇನೆ. ಶ್ರೀರಂಗ ಪೆವಿಲಿಯನ್ನಿನಲ್ಲಿ ಮೈಸೂರು ಅರಸು ಮನೆತನದ ಬೋಗಿಗಳಿವೆ. 1899ರ 'ಮಹಾರಾಣಿ ಸಲೂನ್' ಎಂಬ ಬೋಗಿಯಲ್ಲಿ ಅಡುಗೆಯ ಜಾಗ, ಊಟದ ಜಾಗ, ಸ್ನಾನದ ವ್ಯವಸ್ಥೆ ಎಲ್ಲವೂ ಒಂದು ಮನೆಯ ಅಚ್ಚುಕಟ್ಟಿನಲ್ಲಿವೆ. ಚಾಮುಂಡಿ ಗ್ಯಾಲರಿಯಲ್ಲಿ ಹಳೆಯ ಛಾಯಾಚಿತ್ರಗಳು, ವರ್ಣಚಿತ್ರಗಳು ಇವೆ. ರಸ್ತೆಯಲ್ಲಿ ಓಡುತ್ತಿದ್ದ ಆಸ್ಟಿನ್ ಕಾರಿಗೆ ರೈಲಿನ ಗಾಲಿ ಜೋಡಿಸಿ ಹಳಿಯ ತಪಾಸಣೆಗೆ ಬಳಸುತ್ತಿದ್ದ ವಾಹನವೂ ಇದೆ, ಮಕ್ಕಳಿಗಿಂತ ದೊಡ್ಡವರೇ ಅದರ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತಾರೆ. ಇವೆಲ್ಲವನ್ನೂ ನೋಡಲೇಬೇಕು. ಆದರೂ ಈ ಸಂಗ್ರಹಾಲಯದ ನಿಜವಾದ ಸಂಪತ್ತು ಮರಗಳ ನೆರಳಿನಲ್ಲಿ ನಿಂತಿರುವ ಉಗಿ ಎಂಜಿನ್‌ಗಳೇ: ಇಎಸ್ ವರ್ಗದ 506ನೆಯ ಸಂಖ್ಯೆಯ ಎಂಜಿನ್ (ಇಎಸ್ 506), ವೈಪಿ ವರ್ಗದ ಎಂಜಿನ್, ಇಂಗ್ಲೆಂಡಿನ ಸ್ಟಾಫರ್ಡ್‌ನಲ್ಲಿದ್ದ ಬ್ಯಾಗ್ನಲ್ ಕಂಪನಿ ತಯಾರಿಸಿದ ಚಿಕ್ಕ ಎಂಜಿನ್.

ಇಎಸ್ 506ರ ಪಕ್ಕದಲ್ಲಿ ಸ್ವಲ್ಪ ಹೊತ್ತು ಮಂಡಿಯೂರಿ ಕುಳಿತರೆ ಉಗಿ ಎಂಜಿನ್ನಿನ ಇಡೀ ತತ್ವ ಕಣ್ಣಿಗೆ ಬೀಳುತ್ತದೆ. ಮುಂದೆ ನಾಲ್ಕು ಚಿಕ್ಕ ಗಾಲಿ, ನಡುವೆ ಎಳೆಯುವ ಆರು ದೊಡ್ಡ ಗಾಲಿ, ಹಿಂದೆ ಎರಡು. ದೊಡ್ಡ ಗಾಲಿಗಳನ್ನು ಒಂದಕ್ಕೊಂದು ಜೋಡಿಸುವ ಉಕ್ಕಿನ ದಂಡಗಳ ಕೀಲುಗಳಲ್ಲಿ ಎಣ್ಣೆ ತುಂಬುವ ಸಣ್ಣ ಬಟ್ಟಲುಗಳಿರುತ್ತವೆ. ಓಡುವ ಎಂಜಿನ್ನಿನಲ್ಲಿ ಈ ದಂಡ ಬರಿಯ ಉಕ್ಕಿನ ಹೊಳಪಿನಲ್ಲಿ, ಎಣ್ಣೆಯ ಜಿಡ್ಡಿನಲ್ಲಿ ಇರುತ್ತದೆ. ಸಂಗ್ರಹಾಲಯಗಳಲ್ಲಿ ತುಕ್ಕು ಹಿಡಿಯದಂತೆ ಬಣ್ಣ ಬಳಿದಿರುತ್ತಾರೆ. ಯಾವ ಊರಿನ ಸಂಗ್ರಹಾಲಯಕ್ಕೆ ಹೋದರೂ ಎಂಜಿನ್ ಓಡುತ್ತದೆಯೋ ನಿಂತೇ ಇರುತ್ತದೆಯೋ ಎಂಬುದನ್ನು ತಿಳಿಯಲು ಈ ದಂಡವನ್ನು ನೋಡಿದರೆ ಸಾಕು. ಕ್ಯಾಬಿನಲ್ಲಿ ಕಾಣಬೇಕಾದದ್ದು ಕಲ್ಲಿದ್ದಲು ಎರಚುವ ಬಾಗಿಲು ಮತ್ತು ಬಾಯ್ಲರಿನ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯ ಜಾಗ. ಬೆಂಕಿಯ ಗೂಡಿನ ಮೇಲ್ಛಾವಣಿ ಸದಾ ನೀರಿನಲ್ಲಿ ಮುಳುಗಿರಬೇಕು. ನೀರು ಅದಕ್ಕಿಂತ ಕೆಳಗಿಳಿದರೆ ಅಲ್ಲಿ ಕೂರಿಸಿರುವ ಸೀಸದ ಪ್ಲಗ್ ಕರಗಿ, ಉಗಿ ನೇರವಾಗಿ ಬೆಂಕಿಯ ಮೇಲೆ ನುಗ್ಗಿ ಎಚ್ಚರಿಸುತ್ತದೆ. ಹಳೆಯ ಎಂಜಿನ್ನಿನ ಪುನಶ್ಚೇತನವೆಂದರೆ ಮುಖ್ಯವಾಗಿ ಈ ಬಾಯ್ಲರಿನ ಪುನಶ್ಚೇತನ: ನೂರಾರು ಕೊಳವೆಗಳನ್ನು ಬದಲಿಸಬೇಕು, ಸವೆದ ತಗಡುಗಳನ್ನು ಅಳೆಯಬೇಕು, ತಣ್ಣೀರು ತುಂಬಿ ಒತ್ತಡ ಹಾಕಿ ಪರೀಕ್ಷಿಸಬೇಕು. ಹೊರಗಿನ ಬಣ್ಣ ಎಷ್ಟೇ ಚೆನ್ನಾಗಿದ್ದರೂ ಒಳಗಿನ ತಗಡು ತೆಳುವಾಗಿದ್ದರೆ ಆ ಎಂಜಿನ್ನಿಗೆ ಬೆಂಕಿ ಹಾಕುವಂತಿಲ್ಲ.

ಬಾಯ್ಲರ್ ಗಟ್ಟಿಯಾಗಿಯೇ ಇದೆ ಎಂದುಕೊಂಡರೂ ಇಲ್ಲಿನ ಎಂಜಿನ್‌ಗಳು ಇಂದಿನ ಮುಖ್ಯ ಮಾರ್ಗದಲ್ಲಿ ಓಡಲಾರವು. ಇಎಸ್ ಮತ್ತು ವೈಪಿ ಎರಡೂ ಮೀಟರ್‌ಗೇಜಿನವು. ಅವುಗಳ ಗಾಲಿಗಳ ನಡುವಿನ ಅಂತರ 1,000 ಮಿ.ಮೀ. ಹಳಿಗೆ ಹೊಂದುವಂಥದ್ದು. ಇಂದು ಮೈಸೂರಿನಿಂದ ಹೊರಡುವ ಎಲ್ಲ ಮಾರ್ಗಗಳೂ 1,676 ಮಿ.ಮೀ. ಬ್ರಾಡ್‌ಗೇಜ್. ಬೆಂಗಳೂರು–ಮೈಸೂರು ಮೀಟರ್‌ಗೇಜ್ ಹಳಿ 1882ರಲ್ಲಿ ಮೈಸೂರನ್ನು ಮುಟ್ಟಿತು, 1990ರ ದಶಕದಲ್ಲಿ ಅಗಲವಾಯಿತು. ದೇಶದ ಬ್ರಾಡ್‌ಗೇಜಿನಲ್ಲಿ ದಿನನಿತ್ಯದ ಉಗಿ ಸೇವೆ ಮುಗಿದದ್ದು 1995ರಲ್ಲಿ. ಎರಡನ್ನೂ ಸೇರಿಸಿ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ: ನಮ್ಮ ಅಜ್ಜಂದಿರು ಕಂಡ ಹೊಗೆಗಾಡಿ ಮೀಟರ್‌ಗೇಜಿನದು, ದೊಡ್ಡ ಗಾತ್ರದ ಬ್ರಾಡ್‌ಗೇಜ್ ಉಗಿ ಎಂಜಿನ್ ಮೈಸೂರಿನ ದಿನನಿತ್ಯದ ಬದುಕಿನ ಭಾಗವಾಗಿರಲಿಲ್ಲ. ಮುಂದೆ ಎಂದಾದರೂ ಉಗಿ ಎಂಜಿನ್ ಇಲ್ಲಿಗೆ ಬಂದರೆ ಅದು ಹೊರಗಿನಿಂದ ಬರುವ ಅತಿಥಿಯೇ ಆಗಿರುತ್ತದೆ.

ಅಂಥ ಅತಿಥಿಗಳು ದೇಶದಲ್ಲಿ ಇವೆ. ಹರಿಯಾಣದ ರೇವಾಡಿ ಉಗಿ ಶೆಡ್ಡಿನಲ್ಲಿ ಬ್ರಾಡ್‌ಗೇಜಿನ ಹಲವು ಎಂಜಿನ್‌ಗಳನ್ನು ಕಾಪಾಡಲಾಗಿದೆ. 1965ರಲ್ಲಿ ಚಿತ್ತರಂಜನ್ ಕಾರ್ಖಾನೆಯಿಂದ ಹೊರಬಂದ ಡಬ್ಲ್ಯುಪಿ 7161, ಅಂದರೆ 'ಅಕ್ಬರ್', ಅವುಗಳಲ್ಲಿ ಎಲ್ಲರಿಗೂ ಪರಿಚಿತ. 1855ರಲ್ಲಿ ಲೀಡ್ಸ್‌ನಲ್ಲಿ ತಯಾರಾದ 'ಫೇರಿ ಕ್ವೀನ್' 1997ರಲ್ಲಿ ದೆಹಲಿ–ಅಲ್ವರ್ ನಡುವೆ ಮತ್ತೆ ಓಡಿತು. ಅದರ ಜೊತೆಯದೇ ಆದ, ಈಸ್ಟ್ ಇಂಡಿಯನ್ ರೈಲ್ವೆಯ ಇಐಆರ್ 21 ಎಂಜಿನ್ ದಶಕಗಳ ಕಾಲ ಪ್ರದರ್ಶನದ ವಸ್ತುವಾಗಿ ನಿಂತಿದ್ದು, ಚೆನ್ನೈನ ಪೆರಂಬೂರು ಕಾರ್ಖಾನೆಯಲ್ಲಿ ದುರಸ್ತಿಯಾಗಿ 2010ರಲ್ಲಿ ಮತ್ತೆ ಓಡಿತು. 2019ರಲ್ಲಿ ಎರ್ನಾಕುಲಂನಲ್ಲಿ ಪ್ರಯಾಣಿಕರನ್ನೂ ಕೂರಿಸಿಕೊಂಡಿತು. ಇವೆಲ್ಲ ಕಡಿಮೆ ವೇಗದ, ಹೆಚ್ಚಾಗಿ ಚಿಕ್ಕ ದೂರದ ಓಟಗಳು ಎಂಬುದನ್ನು ಗಮನಿಸಬೇಕು. ಎಂಜಿನ್ ಎಷ್ಟು ದೂರ ಓಡಬಲ್ಲದು ಎನ್ನುವುದಕ್ಕಿಂತ, ಉಳಿದ ಗಾಡಿಗಳಿಗೆ ಅಡ್ಡಿಯಾಗದೆ ಎಲ್ಲಿ ಓಡಬಲ್ಲದು ಎನ್ನುವುದೇ ಮಾರ್ಗವನ್ನು ತೀರ್ಮಾನಿಸುತ್ತದೆ.

ಅಂಥ ಎಂಜಿನ್ ಮೈಸೂರಿಗೆ ಬಂದರೆ ಓಡಿಸಲು ಮೈಸೂರು–ಮಂಡ್ಯ ಮಾರ್ಗವೇ ಎಲ್ಲರ ಮನಸ್ಸಿಗೆ ಮೊದಲು ಬರುವುದು, ಅದರಲ್ಲಿ ತಪ್ಪೇನೂ ಇಲ್ಲ. ಶ್ರೀರಂಗಪಟ್ಟಣದ ಎರಡು ಕಡೆ ಕಾವೇರಿಯನ್ನು ದಾಟಿ, ಗದ್ದೆ ಮತ್ತು ಕಬ್ಬಿನ ನಡುವೆ ಉಗಿಗಾಡಿ ಹೋಗುವ ನೋಟಕ್ಕೆ ಮನಸೋಲದವರು ಯಾರು? ಆದರೆ ಜೋಡಿ ಹಳಿಯಾಗಿ ವಿದ್ಯುದೀಕರಣಗೊಂಡ ಈ ಮಾರ್ಗ ಇಂದು ವೇಗದ ಗಾಡಿಗಳಿಗೆ ಮೀಸಲಾದಂತಿದೆ. ಜೋಡಿ ಹಳಿಗೆ ಜಾಗ ಮಾಡಿಕೊಡಲು ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದ ಮದ್ದಿನ ಮನೆಯನ್ನು 2017ರಲ್ಲಿ ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿದ್ದು ಈ ಮಾರ್ಗದ ಒತ್ತಡ ಎಷ್ಟಿತ್ತು ಎಂಬುದಕ್ಕೆ ಸಾಕ್ಷಿ. 2022ರ ನವೆಂಬರ್‌ನಿಂದ ಚೆನ್ನೈ–ಮೈಸೂರು ವಂದೇ ಭಾರತ್ ಕೂಡ ಇದರ ಮೇಲೇ ಓಡುತ್ತಿದೆ. ಮೈಸೂರಿನಿಂದ ಮಂಡ್ಯಕ್ಕೆ ಸುಮಾರು 45 ಕಿ.ಮೀ. ಗಂಟೆಗೆ 40 ಕಿ.ಮೀ. ವೇಗದ ಉಗಿಗಾಡಿಗೆ ಒಂದು ಗಂಟೆಗೂ ಹೆಚ್ಚು ಬೇಕು. ಗಂಟೆಗೆ 100 ಕಿ.ಮೀ. ವೇಗದಲ್ಲಿ ಹಿಂದಿನಿಂದ ಬರುವ ಗಾಡಿಗೆ ಅರ್ಧ ಗಂಟೆಯೂ ಬೇಡ. ಮುಂದಿನ ಗಾಡಿಯನ್ನು ಯಾವುದಾದರೂ ನಿಲ್ದಾಣದ ಲೂಪ್ ಲೈನಿಗೆ, ಅಂದರೆ ಪಕ್ಕದ ಹಳಿಗೆ ಹಾಕಿ ಕಾಯಿಸದೆ ಬೇರೆ ದಾರಿಯಿಲ್ಲ, ಹಾಗೆ ಕಾಯುವಷ್ಟು ಹೊತ್ತೂ ಬೆಂಕಿ ಉರಿಯುತ್ತದೆ, ನೀರು ಖರ್ಚಾಗುತ್ತದೆ. ಬೇಸಿಗೆಯಲ್ಲಿ ಮಂಡ್ಯದ ಕಡೆ ಇನ್ನೊಂದು ಆತಂಕವಿದೆ. ಚಿಮಣಿಯಿಂದ ಹಾರುವ ಒಂದು ಕಿಡಿ ಕಬ್ಬಿನ ಒಣಗರಿಯ ಮೇಲೆ ಬಿದ್ದರೆ ರೈತನ ವರ್ಷದ ದುಡಿಮೆ ಹೋಗುತ್ತದೆ. ಕಿಡಿ ತಡೆಯುವ ಜಾಲರಿ ಇದ್ದರೂ ಈ ಅಪಾಯವನ್ನು ಹಗುರವಾಗಿ ಎಣಿಸಬಾರದು.

ಹಾಸನದ ದಾರಿಯಲ್ಲಿ ಸಾಗರಕಟ್ಟೆಯ ಬಳಿ ಕನ್ನಂಬಾಡಿಯ ಹಿನ್ನೀರಿನ ಮೇಲೆ ಹಳಿ ಹಾಯುವ ಜಾಗ ನೋಟಕ್ಕೆ ಶ್ರೀರಂಗಪಟ್ಟಣವನ್ನೂ ಮೀರಿಸುತ್ತದೆ. ಛಾಯಾಚಿತ್ರ ತೆಗೆಯುವವರು ಅದನ್ನೇ ಆರಿಸಿಯಾರು. ನನ್ನ ಆಯ್ಕೆ ಮಾತ್ರ ನಂಜನಗೂಡು.

ಕಾರಣಗಳಿವೆ. 1891ರಲ್ಲಿ ಮೈಸೂರಿನಿಂದ ನಂಜನಗೂಡಿಗೆ, 1926ರಲ್ಲಿ ಅಲ್ಲಿಂದ ಚಾಮರಾಜನಗರಕ್ಕೆ ಮುಟ್ಟಿದ ಈ ಮಾರ್ಗ ಒಟ್ಟು 61 ಕಿ.ಮೀ. ಉದ್ದವಿದ್ದು, ಚಾಮರಾಜನಗರದಲ್ಲಿಯೇ ಮುಗಿಯುತ್ತದೆ. ಮುಂದೆ ಎಲ್ಲಿಗೂ ಹೋಗದ ಮಾರ್ಗವಾದ್ದರಿಂದ ದೂರದ ವೇಗದ ಗಾಡಿಗಳ ಸಾಲು ಹಿಂದಿನಿಂದ ಒತ್ತುವುದಿಲ್ಲ. ಒಂಟಿ ಹಳಿಯಾದರೂ ಎರಡು ಗಾಡಿಗಳ ನಡುವೆ ಬಿಡುವು ಸಿಗುತ್ತದೆ. ಮೈಸೂರು ನಿಲ್ದಾಣದ ಜನಸಂದಣಿಯನ್ನು ತಪ್ಪಿಸಿ ಅಶೋಕಪುರಂನಿಂದಲೇ ಗಾಡಿ ಹೊರಡಿಸಬಹುದು. 1924ರಲ್ಲಿ ಮೈಸೂರು ಸಂಸ್ಥಾನದ ಕಾಲದಲ್ಲಿ ಶುರುವಾದ ರೈಲ್ವೆ ಕಾರ್ಖಾನೆ ಅಲ್ಲಿಯೇ ಇದೆ. ಬೋಗಿಗಳ ದುರಸ್ತಿಯಲ್ಲಿ ನುರಿತ ಕೈಗಳು, ಕ್ರೇನು, ಲೇತು ಹತ್ತಿರದಲ್ಲೇ ಇದ್ದರೆ ಹಳೆಯ ಎಂಜಿನ್ನನ್ನು ಮನೆಯಿಂದ ದೂರ ಓಡಿಸುವ ಧೈರ್ಯ ಬರುತ್ತದೆ. ಮುಂದೆ ಕಡಕೊಳ, ತಾಂಡವಪುರ ದಾಟಿದರೆ ನಂಜನಗೂಡು ಬಂದೇಬಿಡುತ್ತದೆ, ಮೈಸೂರಿನಿಂದ ಲೆಕ್ಕ ಹಾಕಿದರೂ ಸುಮಾರು 25 ಕಿ.ಮೀ. ಮಾತ್ರ. ಕುಟುಂಬ ಸಮೇತ ಬಂದವರಿಗೆ ಬೇಸರವಾಗದಷ್ಟು, ಉಗಿಗಾಡಿಯಲ್ಲಿ ಕುಳಿತ ತೃಪ್ತಿ ಸಿಗುವಷ್ಟು ದೂರ ಇದು.

ಇಲ್ಲಿಯೂ ತೊಡಕುಗಳು ಇವೆ. ಹಳಿಯ ಮೇಲೆ 25,000 ವೋಲ್ಟಿನ ತಂತಿ ಇರುವಾಗ ಹಿಂದಿನ ಕಾಲದಂತೆ ಬೆಂಕಿ ನೋಡಿಕೊಳ್ಳುವ ಫೈರ್‌ಮನ್ ಕಲ್ಲಿದ್ದಲ ಗುಡ್ಡೆಯ ಮೇಲೆ ಹತ್ತುವುದಾಗಲಿ, ಕಲ್ಲಿದ್ದಲು ನೀರು ಹೊರುವ ಟೆಂಡರ್ ಗಾಡಿಯ ಮೇಲೆ ನಿಂತು ನೀರಿನ ಕೊಳವೆ ಎಳೆದುಕೊಳ್ಳುವುದಾಗಲಿ ಸಾಧ್ಯವೇ ಇಲ್ಲ. ಜೀವಂತ ತಂತಿಯಿಂದ ಎರಡು ಮೀಟರ್ ದೂರ ಇರಲೇಬೇಕೆಂಬುದು ನಿಯಮ. ಚಿಮಣಿಯ ಮಸಿ ತಂತಿಯ ಪಿಂಗಾಣಿ ಇನ್ಸುಲೇಟರುಗಳ ಮೇಲೆ ಕೂರುವುದರಿಂದ ಎಂಜಿನ್ನನ್ನು ಅವುಗಳ ಕೆಳಗೆ ಬಹಳ ಹೊತ್ತು ನಿಲ್ಲಿಸಬಾರದು. ನೀರನ್ನು ನೆಲದ ಮಟ್ಟದಿಂದ ಟ್ಯಾಂಕರ್ ಪಂಪಿನ ಮೂಲಕ ತುಂಬಬೇಕು, ಅದೂ ಬೋರ್‌ವೆಲ್ ನೀರಾಗಬಾರದು. ನಮ್ಮ ಭಾಗದ ಗಡಸು ನೀರು ಪಾತ್ರೆಯ ತಳದಲ್ಲಿ ಬಿಳಿಯ ಹಕ್ಕಳೆ ಕಟ್ಟುವುದನ್ನು ಯಾವ ಅಡುಗೆ ಮನೆಯಲ್ಲಾದರೂ ನೋಡಬಹುದು. ಬಾಯ್ಲರಿನ ಕೊಳವೆಗಳಲ್ಲಿ ಅದೇ ಹಕ್ಕಳೆ ಕಟ್ಟಿದರೆ ಶಾಖ ನೀರಿಗೆ ದಾಟದೆ ಲೋಹವೇ ಸುಡುತ್ತದೆ. ಕಾವೇರಿಯ ಅಥವಾ ಕಪಿಲೆಯ ನೀರನ್ನು ಸಂಸ್ಕರಿಸಿ ಕೊಡುವ ವ್ಯವಸ್ಥೆ ಮೊದಲೇ ಆಗಬೇಕು.

ಕೊನೆಯ ನಿಲ್ದಾಣದಲ್ಲಿ ಎಂಜಿನ್ನನ್ನು ವಾಪಸು ದಿಕ್ಕಿಗೆ ತಿರುಗಿಸುವ ಸಮಸ್ಯೆ ಮತ್ತು ಬ್ರೇಕಿನ ಸಮಸ್ಯೆ ಎರಡಕ್ಕೂ ಒಂದೇ ಪರಿಹಾರವಿದೆ. ಉಗಿ ಎಂಜಿನ್‌ಗಳ ಕಾಲದ ಬೋಗಿಗಳು ನಿರ್ವಾತದ ಬ್ರೇಕಿನವು, ಇಂದಿನ ಬೋಗಿಗಳು ಗಾಳಿಯ ಒತ್ತಡದ ಬ್ರೇಕಿನವು. ಗಾಡಿಯ ಇನ್ನೊಂದು ತುದಿಗೆ ಒಂದು ಡೀಸೆಲ್ ಎಂಜಿನ್ ಜೋಡಿಸಿದರೆ ಬ್ರೇಕಿಗೆ ಬೇಕಾದ ಗಾಳಿ ಅದರಿಂದಲೇ ಸಿಗುತ್ತದೆ, ವಾಪಸು ಬರುವಾಗ ಅದೇ ಮುಂದಾಗುತ್ತದೆ, ದಾರಿಯಲ್ಲಿ ಉಗಿ ಕಡಿಮೆಯಾದರೂ ಗಾಡಿ ಹಳಿಯ ಮೇಲೆ ಸಿಕ್ಕಿಹಾಕಿಕೊಳ್ಳುವುದಿಲ್ಲ. ಶುದ್ಧ ಉಗಿ ಪ್ರಯಾಣ ಬೇಕೆನ್ನುವವರಿಗೆ ಇದು ರುಚಿಸದಿರಬಹುದು. ಆದರೆ ಹಳೆಯ ಬಾಯ್ಲರಿನ ಮೇಲೆ ಅಗತ್ಯಕ್ಕಿಂತ ಹೆಚ್ಚು ಹೊರೆ ಹಾಕದಿರುವುದೇ ಅದಕ್ಕೆ ತೋರಿಸುವ ಗೌರವ ಎಂದು ನಾನು ತಿಳಿದಿದ್ದೇನೆ.

ಜನರ ವಿಷಯವನ್ನೂ ಹೇಳಬೇಕು. ಉಗಿಗಾಡಿ ಬರುತ್ತದೆಂದರೆ ಮೊಬೈಲ್ ಹಿಡಿದು ಹಳಿಯ ಮೇಲೇ ನಿಲ್ಲುವವರು ಎಲ್ಲ ಊರಿನಲ್ಲೂ ಇದ್ದಾರೆ. ಹಾಗಾಗಿ ನಂಜನಗೂಡಿನ ದೊಡ್ಡ ಜಾತ್ರೆಯ ದಿನಗಳಲ್ಲಾಗಲಿ, ಹುಣ್ಣಿಮೆ ಅಮಾವಾಸ್ಯೆಗಳಲ್ಲಾಗಲಿ ಇಂಥ ಓಟ ಇಟ್ಟುಕೊಳ್ಳಬಾರದು. ದಸರೆಯ ಮುಂಚಿನ ಅಥವಾ ನಂತರದ ವಾರಗಳು, ಮಳೆ ನಿಂತು ಹಸಿರು ಇನ್ನೂ ಒಣಗದ ಕಾಲ, ಕಿಡಿಯ ಭಯಕ್ಕೂ ಬಿಸಿಲಿನ ಕಾಟಕ್ಕೂ ಒಳ್ಳೆಯದು.

ಸಂಗ್ರಹಾಲಯಕ್ಕೆ ಹೋಗುವವರಿಗೆ ನನ್ನ ಶಿಫಾರಸು ಇಷ್ಟು. ಬೆಳಗ್ಗೆ ಬೇಗ ಹೋಗಿ. ಮಕ್ಕಳಿಗೆ ಪುಟಾಣಿ ರೈಲಿನ ಸುತ್ತು ಕೊನೆಯಲ್ಲಿರಲಿ, ಇಲ್ಲದಿದ್ದರೆ ಅವರು ಬೇರೇನನ್ನೂ ನೋಡುವುದಿಲ್ಲ. ಇಎಸ್ 506ರ ದಂಡಗಳನ್ನು ತೋರಿಸಿ, ಹಳಿಯ ಅಗಲವನ್ನು ಅವರ ಹೆಜ್ಜೆಯಲ್ಲೇ ಅಳೆಸಿ. ಅದೇ ದಿನ ಸಮಯ ನೋಡಿಕೊಂಡು ಚಾಮರಾಜನಗರದ ಪ್ಯಾಸೆಂಜರ್ ಗಾಡಿ ಹಿಡಿದು ನಂಜನಗೂಡಿಗೆ ಹೋಗಿ ಬನ್ನಿ. ಕಪಿಲೆಯ ಮೇಲೆ ಹೊಸ ಸೇತುವೆಯನ್ನು ದಾಟುವಾಗ ಪಕ್ಕದಲ್ಲಿ 1735ರ ಕಲ್ಲಿನ ಹಳೆಯ ಸೇತುವೆ ಕಾಣುತ್ತದೆ. ಮೀಟರ್‌ಗೇಜಿನ ಕಾಲದಲ್ಲಿ ರೈಲನ್ನೂ ರಸ್ತೆಯ ವಾಹನಗಳನ್ನೂ ಒಟ್ಟಿಗೇ ಹೊತ್ತ ಸೇತುವೆ ಅದು. ಸಂಗ್ರಹಾಲಯದಲ್ಲಿ ಕಂಡಂಥ ಎಂಜಿನ್‌ಗಳು ದಾಟುತ್ತಿದ್ದದ್ದು ಅದರ ಮೇಲೆಯೇ ಎಂದು ಹೇಳಿದರೆ ಮಕ್ಕಳು ಆ ಕಡೆಯ ಕಿಟಕಿಗೆ ಜಗಳವಾಡುತ್ತಾರೆ, ಆದ್ದರಿಂದ ಹೋಗುವಾಗ ಒಬ್ಬರಿಗೆ, ಬರುವಾಗ ಇನ್ನೊಬ್ಬರಿಗೆ ಎಂದು ಮೊದಲೇ ಹಂಚಿಬಿಡಿ.