ಪಿಗ್ಮಾ ಮೈಕ್ರಾನ್ 08: ಕೀಮೋ ನಡೆಯುವಾಗ ದಿನಕ್ಕೊಂದು ಪ್ರಾಣಿ ಬಿಡಿಸಲು ಸರಿಹೋಗುತ್ತಾ?

ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ದಿನಕ್ಕೊಂದು ಕಾರ್ಟೂನ್ ಪ್ರಾಣಿ ಬಿಡಿಸುತ್ತೇನೆಂದು ಹೊರಟರೆ ಚಿತ್ರ ಬರೆಯುವ ಗೆಳೆಯರು ಕೈಗೆ ಕೊಡುವುದು ಸಕುರಾ ಕಂಪನಿಯ ಪಿಗ್ಮಾ ಮೈಕ್ರಾನ್. ಪೆನ್ನು ಒಳ್ಳೆಯದೇ, ಆದರೆ ನಂಬರ್ ನೋಡಿ ಕೊಳ್ಳಬೇಕು. ಆರೋಗ್ಯವಂತರ ಕೈಗೆ ಹೊಂದುವ ನಂಬರ್ ಕೀಮೋ ಕೈಗೆ ಹೊಂದುವುದಿಲ್ಲ.

ಪೆನ್ನಿನ ಮೇಲಿನ ನಂಬರನ್ನು ಮಿಲಿಮೀಟರ್ ಎಂದುಕೊಳ್ಳಬೇಡಿ. 005ರ ಗೆರೆ 0.20 ಮಿ.ಮೀ., 01ರದು 0.25, 05ರದು 0.45, 08ರದು 0.50. ತುದಿ ಒಂದು ಸಣ್ಣ ಲೋಹದ ಕೊಳವೆಯಲ್ಲಿ ಕೂತಿರುತ್ತದೆ. ಜೋರಾಗಿ ಒತ್ತಿದರೆ ಒಳಕ್ಕೆ ಸರಿಯುತ್ತದೆ, ಆಮೇಲೆ ಕೊಳವೆಯ ಅಂಚೇ ಹಾಳೆಯನ್ನು ಕೆರೆಯುತ್ತದೆ. ಪ್ಯಾಕ್ಲಿಟ್ಯಾಕ್ಸೆಲ್, ಆಕ್ಸಾಲಿಪ್ಲಾಟಿನ್, ವಿನ್‌ಕ್ರಿಸ್ಟಿನ್‌ನಂಥ ಔಷಧಿಗಳಿಂದ ಅನೇಕರಿಗೆ ಬೆರಳ ತುದಿ ಜೋಮು ಹಿಡಿಯುತ್ತದೆ. ಜೋಮು ಹಿಡಿದ ಬೆರಳಿಗೆ ಎಷ್ಟು ಒತ್ತುತ್ತಿದ್ದೇವೆಂಬುದು ಗೊತ್ತಾಗುವುದಿಲ್ಲ, ಪೆನ್ನು ಬಿದ್ದೀತೆಂದು ಹಿಡಿತ ಇನ್ನೂ ಬಿಗಿಯಾಗುತ್ತದೆ. ಇಂಥ ಕೈಯಲ್ಲಿ 005, 01 ಬೇಗ ಹಾಳಾಗುತ್ತವೆ, 08 ತಡೆಯುತ್ತದೆ. ಕೈ ಅದಕ್ಕೂ ಭಾರವೆನಿಸಿದರೆ ಅದೇ ಕಂಪನಿಯ ಮೈಕ್ರಾನ್ ಪಿಎನ್ ನೋಡಿ. ಅದರ ಪ್ಲಾಸ್ಟಿಕ್ ತುದಿ ಗಟ್ಟಿ, ಗೆರೆ 0.4ರಿಂದ 0.5 ಮಿ.ಮೀ.

ಪೆನ್ನಿನ ಮೈ ತೆಳು ಮತ್ತು ನುಣುಪು. ಇದೇ ಇದರ ದೊಡ್ಡ ಕೊರತೆ. ಏಸಿ ಪೈಪಿಗೆ ತೊಡಿಸುವ ಕಪ್ಪು ಫೋಮ್ ಕೊಳವೆಯನ್ನು ನಾಲ್ಕು ಬೆರಳಗಲ ಕತ್ತರಿಸಿ ಹಾಕಿದರೆ ಹಿಡಿಯಲು ದಪ್ಪ ಸಿಗುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಲೂಬಹುದು. ಅಂಗಡಿಗೆ ಪೆನ್ನನ್ನೇ ಒಯ್ದು ಬಿಗಿಯಾಗಿ ಕೂರುವ ಅಳತೆ ಆರಿಸಿ. ಕ್ಯಾಪ್ ಎಳೆದು ತೆಗೆಯುವಂಥದ್ದು, ಜೋಮು ಬೆರಳಿಗೆ ಕಷ್ಟ. ಹಾಗಂತ ತೆರೆದಿಡಬೇಡಿ, ತುದಿ ಒಣಗುತ್ತದೆ. ಕ್ಯಾಪಿನ ಸುತ್ತ ಒಂದು ರಬ್ಬರ್ ಬ್ಯಾಂಡ್ ಸುತ್ತಿದರೆ ಹಿಡಿತ ಬರುತ್ತದೆ.

ಮಲಗಿಕೊಂಡು ಬಿಡಿಸುವವರಿಗೆ ಇದು ನಿಜಕ್ಕೂ ಅನುಕೂಲ. ಬಾಲ್ ಪೆನ್ನಿನ ಶಾಯಿ ಕೆಳಗಿಳಿಯಲು ಗುರುತ್ವ ಬೇಕು, ಮೇಲ್ಮುಖ ಹಿಡಿದರೆ ಸ್ವಲ್ಪ ಹೊತ್ತಿಗೆ ನಿಂತುಬಿಡುತ್ತದೆ. ಮೈಕ್ರಾನ್ ತುದಿ ಶಾಯಿಯನ್ನು ಬತ್ತಿಯಂತೆ ತಾನೇ ಹೀರಿಕೊಳ್ಳುತ್ತದೆ. ವಾಸನೆಯೂ ಇಲ್ಲವೆನ್ನುವಷ್ಟು ಕಡಿಮೆ. ಆಲ್ಕೊಹಾಲ್ ಮಾರ್ಕರ್ ಮೂಗಿಗೆ ಬಡಿದರೆ ವಾಂತಿ ಬರುವ ದಿನಗಳಲ್ಲಿ ಇದರ ಬೆಲೆ ತಿಳಿಯುತ್ತದೆ. ಆದರೆ ಶಾಯಿ ಪಿಗ್ಮೆಂಟ್‌ನದು, ನೀರಿಗೆ ಕರಗದು. ಆಸ್ಪತ್ರೆಯ ಬಿಳಿ ಹೊದಿಕೆಗೆ ತಾಗಿದರೆ ಹೋಗುವುದು ಕಷ್ಟ. ಮಡಿಲ ಮೇಲೆ ಹಳೇ ಟವೆಲ್ ಇರಲಿ.

ಮೊದಲು ಪೆನ್ಸಿಲ್ಲಿನಲ್ಲಿ ಗೀಚಿಕೊಳ್ಳುವುದು ಬೇಡವೇ ಬೇಡ. ಅದನ್ನು ಅಳಿಸಲು ಪೆನ್ನಿನ ಗೆರೆಯ ಮೇಲೆ ರಬ್ಬರ್ ಉಜ್ಜಿದರೆ ಕಪ್ಪು ಬಣ್ಣ ಬೂದು ಬಣ್ಣಕ್ಕೆ ತಿರುಗುತ್ತದೆ, ರಬ್ಬರಿನ ಪುಡಿ ಹಾಸಿಗೆಯಲ್ಲಿ ಚುಚ್ಚುತ್ತದೆ. ನೇರ ಪೆನ್ನಿನಲ್ಲೇ ಶುರುಮಾಡಿ: ಮೊದಲು ಮೂಗು, ಅದರ ಪಕ್ಕದಲ್ಲೇ ಎರಡು ಕಣ್ಣು, ಆಮೇಲೆ ಮುಖದ ಸುತ್ತು, ಕಡೆಗೆ ಮೈ. ಈ ಕ್ರಮದಲ್ಲಿ ಹೋದರೆ ಸುಸ್ತಾಗಿ ಅರ್ಧಕ್ಕೆ ನಿಲ್ಲಿಸಿದರೂ ಮುಖವೊಂದು ಉಳಿಯುತ್ತದೆ, ಆ ದಿನದ ಪುಟ ಖಾಲಿ ಹೋಗುವುದಿಲ್ಲ. ಸ್ಟೀರಾಯ್ಡ್ ಕೊಟ್ಟ ದಿನ ಕೈ ನಡುಗುತ್ತಿದ್ದರೆ ಆನೆ, ಹಾವು ಬೇಡ. ಅವುಗಳ ಉದ್ದ ನುಣುಪು ಗೆರೆಯಲ್ಲಿ ನಡುಕ ಎದ್ದು ಕಾಣುತ್ತದೆ. ಕುರಿ, ಕರಡಿ, ಪಿಳ್ಳೆ ಕೋಳಿ ಆರಿಸಿ. ಅರ್ಧ ಸೆಂಟಿಮೀಟರಿನ ತುಂಡು ಗೆರೆಗಳಲ್ಲಿ ಮೈ ತುಂಬಿದರೆ ನಡುಕವೇ ಉಣ್ಣೆಯಾಗುತ್ತದೆ. ಕುರಿಯ ಮಟ್ಟಿಗೆ ಸ್ಥಿರವಾದ ಕೈಗಿಂತ ನಡುಗುವ ಕೈಯೇ ವಾಸಿ!

ಡ್ರಿಪ್ ಹಾಕಿದ ಕೈಯಲ್ಲಿ ಬಿಡಿಸಬೇಡಿ. ಮಣಿಕಟ್ಟು ಬಾಗಿದರೆ ಹರಿವು ನಿಂತು ಪಂಪ್ ಕೂಗುತ್ತದೆ. ಸೂಜಿಯ ಜಾಗದಲ್ಲಿ ಉರಿ, ಊತ ಕಂಡರೆ ಪೆನ್ನು ಕೆಳಗಿಟ್ಟು ತಕ್ಷಣ ಸಿಸ್ಟರ್‌ನ ಕರೆಯಿರಿ, ಕೆಲವು ಕೀಮೋ ಔಷಧಿ ರಕ್ತನಾಳದಿಂದ ಹೊರಬಂದರೆ ಚರ್ಮವನ್ನೇ ಸುಡುತ್ತದೆ. ಬಲಗೈಗೆ ಡ್ರಿಪ್ ಇದ್ದು ಎಡಗೈಯಲ್ಲಿ ಬಿಡಿಸುವಾಗ ಅಂಗೈ ಹಸಿ ಗೆರೆಯ ಮೇಲೆ ಸವರುತ್ತದೆ. ಹಾಳೆಯನ್ನು ಓರೆಯಾಗಿಟ್ಟು ಬಲದಿಂದ ಎಡಕ್ಕೆ ಸಾಗಿ.

ಹಾಳೆ ನುಣುಪಾಗಿರಬೇಕು, ಒರಟು ಹಾಳೆ ತುದಿಯನ್ನು ತೇಯುತ್ತದೆ. ದಪ್ಪ 120 ಜಿಎಸ್‌ಎಂಗೆ (ಚದರ ಮೀಟರ್ ಹಾಳೆಯ ತೂಕ, ಗ್ರಾಂನಲ್ಲಿ) ಕಡಿಮೆ ಬೇಡ. ಎ6 ಅಳತೆಯ, ಮೇಲ್ಗಡೆ ಸ್ಪೈರಲ್ ಇರುವ ಪುಸ್ತಕ ತೊಡೆಯ ಮೇಲೆ ಚೆನ್ನಾಗಿ ಕೂರುತ್ತದೆ. ಬಣ್ಣಕ್ಕೆ ಕಲರ್ ಪೆನ್ಸಿಲ್ ಸಾಕು. ಹಿಡಿಯೊಳಗೆ ನೀರು ತುಂಬುವ ವಾಟರ್ ಬ್ರಷ್ಷೇ ಬೇಕೆಂದರೆ ಕುದಿಸಿ ಆರಿಸಿದ ನೀರು ತುಂಬಿ, ದಿನಾ ಚೆಲ್ಲಿ. ಬಿಳಿರಕ್ತಕಣ ಇಳಿದಿರುವಾಗ ಸೋಂಕು ಸುಲಭವಾಗಿ ತಗಲುತ್ತದೆ, ನಿಂತ ನೀರು ಬೇಡ. ಬ್ರಷ್ಷಿನ ತುದಿ ಬಾಯಿಗಿಡುವ ಚಾಳಿಯಂತೂ ಬಿಡಲೇಬೇಕು.

ಸಾದಾ ಸ್ಕೆಚ್ ಪೆನ್ನಿಗೆ ಹೋಲಿಸಿದರೆ ಬೆಲೆ ಹಲವು ಪಟ್ಟು. ಅಂಗಡಿಯವರು ಆರು ಪೆನ್ನಿನ ಸೆಟ್ ತೋರಿಸುತ್ತಾರೆ, ಅದರಲ್ಲಿ ಹೆಚ್ಚಿನವು ತೆಳು ನಂಬರುಗಳೇ, ಈ ಕೆಲಸಕ್ಕೆ ಬರುವುದಿಲ್ಲ. ಬಿಡಿಯಾಗಿ ಎರಡು 08, ಒಂದು ಪಿಎನ್ ಕೇಳಿ. ಒಂದು 08 ಮನೆಗೆ, ಇನ್ನೊಂದು ಆಸ್ಪತ್ರೆ ಚೀಲಕ್ಕೆ.